ಬುದ್ಧಿ ಪರೀಕ್ಷೆಗೆ ಟ್ಯೂಷನ್

ಸ್ಪಂದನ ಕಾರ್ಡಿನ ಕಡೆ ನೋಡಲೇ ಇಲ್ಲ. ವರಲಕ್ಷ್ಮಿ ಅವರಿಗೆ ಅನುಮಾನ ಬಂದದ್ದು ಅಲ್ಲೇ.

ಮೇಜಿನ ಮೇಲೆ ಕೆಂಪು ಬಿಳಿ ಬಣ್ಣದ ಪುಟ್ಟ ಚೌಕಗಳಿದ್ದವು. ಅವನ್ನು ಹೇಗೆ ಜೋಡಿಸಬೇಕು ಎಂಬ ಚಿತ್ರ ಎದುರಿನ ಕಾರ್ಡಿನಲ್ಲಿತ್ತು. ಸಾಮಾನ್ಯವಾಗಿ ಮಕ್ಕಳು ಕಾರ್ಡು ನೋಡಿ ಒಂದು ಚೌಕ ಇಡುತ್ತಾರೆ, ಮತ್ತೆ ಕಾರ್ಡು ನೋಡುತ್ತಾರೆ, ಇಟ್ಟದ್ದನ್ನು ತಿರುಗಿಸುತ್ತಾರೆ, ನಾಲಿಗೆ ಕಚ್ಚಿಕೊಳ್ಳುತ್ತಾರೆ. ಹಾಗೆ ತಪ್ಪಿ ತಿದ್ದಿಕೊಳ್ಳುವಾಗಲೇ ಆ ಮಗು ಯೋಚಿಸುವ ಬಗೆ ಕಾಣಿಸುವುದು. ಒಂಬತ್ತನೇ ತರಗತಿಯ ಈ ಹುಡುಗಿ ಸೂಚನೆ ಮುಗಿಯುವ ಮೊದಲೇ ಕೈ ಹಾಕಿ, ಎಲ್ಲಕ್ಕಿಂತ ಕಷ್ಟದ ಚಿತ್ರವನ್ನು ದಿನವೂ ಬಾಗಿಲಿಗೆ ಹಾಕುವ ರಂಗೋಲಿಯಂತೆ ಸಲೀಸಾಗಿ ಜೋಡಿಸಿ, ಕೈಕಟ್ಟಿ ಕುಳಿತಳು.

ವರಲಕ್ಷ್ಮಿ ಚಿತ್ರ ಅಡ್ಡವಾಗುವಂತೆ ಕಾರ್ಡನ್ನು ತಿರುಗಿಸಿಟ್ಟು ಇನ್ನೊಮ್ಮೆ ಮಾಡು ಎಂದರು. ಹುಡುಗಿ ಮೊದಲಿನದನ್ನೇ ಮತ್ತೆ ಜೋಡಿಸಿದಳು.

“ಯಾರು ಹೇಳ್ಕೊಟ್ರು ಪುಟ್ಟಾ ಇದನ್ನ?”

“ಟ್ಯೂಷನ್‌ನಲ್ಲಿ ಮಿಸ್. ಕತೆ ಓದೋದೂ ಹೇಳ್ಕೊಟ್ಟಿದಾರೆ. ಹೇಳ್ಲಾ?”

ರಜೆಯಲ್ಲಿ ಅಜ್ಜನ ತೋಟಕ್ಕೆ ಹೋದ ಹುಡುಗನೊಬ್ಬನ ಕತೆಯನ್ನು ಅವಳು ಒಂದೇ ಉಸಿರಿನಲ್ಲಿ ಹೇಳತೊಡಗಿದಳು. ಪೂರ್ಣವಿರಾಮ ಇರುವಲ್ಲೆಲ್ಲ ಸರಿಯಾಗಿ ನಿಂತಳು. ಆ ಕತೆಯಿದ್ದ ಹಾಳೆ ವರಲಕ್ಷ್ಮಿ ಅವರ ಡ್ರಾಯರಿನಲ್ಲಿ ಬೀಗ ಹಾಕಿಕೊಂಡು ಕೂತಿತ್ತು. ಮಕ್ಕಳ ಓದುವ ಶಕ್ತಿಯನ್ನು ಅಳೆಯಲು ಇರುವ ಹಾಳೆ ಅದು. ಪರೀಕ್ಷೆಯ ದಿನದವರೆಗೆ ಯಾವ ಮಗುವೂ ಅದನ್ನು ಕಂಡಿರಬಾರದು.

ವರಲಕ್ಷ್ಮಿ ಪಶ್ಚಿಮ ಬೆಂಗಳೂರಿನ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್. ವಯಸ್ಸು ನಲವತ್ತು ದಾಟಿದೆ. ಅವರ ಕೋಣೆ ಇರುವುದು ಲಸಿಕೆ ಹಾಕುವ ಕೋಣೆಯ ಪಕ್ಕದಲ್ಲಿ. ಸೂಜಿ ಚುಚ್ಚಿಸಿಕೊಂಡ ಕೂಸುಗಳ ಅಳು ಗೋಡೆ ದಾಟಿ ಬರುತ್ತದೆ. ಗಮನದ ಪರೀಕ್ಷೆ ಮಾಡುವ ದಿನ ಲಸಿಕೆಯ ದಿನವಾಗಬಾರದು ಎಂದು ಅವರು ಸೇರಿದಾಗಿನಿಂದ ಜಗಳವಾಡುತ್ತಿದ್ದಾರೆ. ಕೆಲವು ಸಲ ಗೆದ್ದಿದ್ದಾರೆ. ಸಿಟ್ಟು ಬಂದರೆ ಅವರ ದನಿ ಏರುವುದಿಲ್ಲ, ಮರ್ಯಾದೆ ಹೆಚ್ಚುತ್ತದೆ. ‘ನೀವು’ ಹೋಗಿ ‘ತಾವು’ ಬರುತ್ತದೆ. ಆಸ್ಪತ್ರೆಯ ಸಿಬ್ಬಂದಿ ಆ ‘ತಾವು’ ಕೇಳಿಸಿದರೆ ಬೇರೆ ಕಾರಿಡಾರು ಹಿಡಿಯುತ್ತಾರೆ.

ಅವರು ಬೆಳೆದದ್ದು ರಾಜಾಜಿನಗರದಲ್ಲಿ. ತಂದೆ ವೆಂಕಟರಮಣಪ್ಪ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದರು. ಮಗಳ ಕೆಲಸ ಏನೆಂದು ನೆಂಟರು ಕೇಳಿದರೆ ಅವರು ಇವತ್ತಿಗೂ ‘ಆಸ್ಪತ್ರೇಲಿ’ ಎಂದಷ್ಟೇ ಹೇಳಿ ಕಾಫಿಗೆ ಕೂಗುತ್ತಾರೆ. ನೆಂಟರದೂ ತಪ್ಪಿಲ್ಲ. ಈ ಊರಿನಲ್ಲಿ ಸೈಕಾಲಜಿಸ್ಟ್ ಎಂದು ಬೋರ್ಡು ಹಾಕಿಕೊಂಡವರಲ್ಲಿ ವಾರಾಂತ್ಯದ ಕೋರ್ಸು ಮಾಡಿದವರಿದ್ದಾರೆ, ಕೈ ನೋಡಿ ಭವಿಷ್ಯ ಹೇಳುವವರೂ ಇದ್ದಾರೆ. ವರಲಕ್ಷ್ಮಿ ಜ್ಞಾನಭಾರತಿಯಲ್ಲಿ ಎಂ.ಎ. ಮಾಡಿದರು. ಅದಾದ ಮೇಲೆ ಪ್ರವೇಶ ಪರೀಕ್ಷೆ ಬರೆದು, ಎರಡನೇ ಯತ್ನದಲ್ಲಿ ಸೀಟು ಪಡೆದು, ದೊಡ್ಡ ಆಸ್ಪತ್ರೆಯೊಂದರಲ್ಲಿ ಎರಡು ವರ್ಷದ ಎಂ.ಫಿಲ್. ಮುಗಿಸಿದರು. ಪುನರ್ವಸತಿ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿದ ಮೇಲಷ್ಟೇ ವರದಿಗೆ ಸಹಿ ಹಾಕುವ ಹಕ್ಕು ಬಂತು. ಮಾತ್ರೆ ಬರೆಯುವುದು ಮನೋವೈದ್ಯರ ಕೆಲಸ, ಅವರದಲ್ಲ. ಕೇಳುವುದು, ಅಳೆಯುವುದು, ಮಾತಿನ ಮೂಲಕ ಚಿಕಿತ್ಸೆ ಕೊಡುವುದು ಅವರದು. ಮೂರರಲ್ಲಿ ಜನಕ್ಕೆ ಬೇಕಾದದ್ದು ನಡುವಿನದು ಮಾತ್ರ, ಅದೂ ಒಂದು ಅಂಕಿ, ಒಂದು ಮುದ್ರೆ, ಒಂದು ಸಹಿ.

ಆ ಎರಡು ವರ್ಷ ಅವರನ್ನು ತಿದ್ದಿದವರು ಮರಿಯಪ್ಪ ಮೇಷ್ಟ್ರು. ಶಿಷ್ಯೆ ಪರೀಕ್ಷೆ ಮಾಡುವಾಗ ಮೇಷ್ಟ್ರು ಮಗುವನ್ನು ನೋಡುತ್ತಿರಲಿಲ್ಲ, ಶಿಷ್ಯೆಯ ಮುಖ ನೋಡುತ್ತಿದ್ದರು. ಮೊದಲ ವಾರವೇ ಒಂದು ಪರೀಕ್ಷೆ ಮುಗಿದ ಮೇಲೆ ಎಲ್ಲರೆದುರಿಗೆ ಅಂದಿದ್ದರು: “ಮಗು ಸರಿಯಾಗಿ ಮಾಡ್ದಾಗ ನಿನ್ನ ಹುಬ್ಬು ಮೇಲೆ ಹೋಯ್ತು. ಈಗ ಬಂದಿರೋ ನಂಬರು ಮಗೂದಲ್ಲಮ್ಮ, ನಿನ್ನ ಹುಬ್ಬಿಂದು.” ವರಲಕ್ಷ್ಮಿ ಕನ್ನಡಿಯೆದುರು ಕೂತು ಹುಬ್ಬು ಅಲ್ಲಾಡಿಸದೆ ಸೂಚನೆ ಓದುವುದನ್ನು ಕಲಿತರು. ಒಂದು ಹುಬ್ಬಿನಿಂದ ಕೆಡುವ ಪರೀಕ್ಷೆಗೆ ಯಾರೋ ಟ್ಯೂಷನ್ ನಡೆಸುತ್ತಿದ್ದಾರೆ ಎಂಬುದು ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಹೊರಗೆ ಬೆಂಚಿನ ಮೇಲೆ ಸ್ಪಂದನಳ ತಾಯಿ ಅರುಣ ಕಾಯುತ್ತಿದ್ದರು. ಒಳಗೆ ಕರೆದಾಗ ಅವರು ಕೇಳಿದ ಮೊದಲ ಪ್ರಶ್ನೆ, ಎಲ್ಲಾ ಕರೆಕ್ಟ್ ಮಾಡಿದ್ಲಾ ಎಂಬುದು.

ಅರುಣ ಅವರ ಮನೆ ಶ್ರೀಗಂಧದ ಕಾವಲಿನಲ್ಲಿ. ಗಂಡ ಭೈರೇಶ್ ಅಲ್ಲಿಯ ಹಳೇ ಒಕ್ಕಲು ಮನೆತನದವರು. ಹೊಲ ಇದ್ದ ಜಾಗದಲ್ಲಿ ಈಗ ಬಾಡಿಗೆ ಮನೆಗಳಿವೆ, ಮುಂದೆ ಸಿಮೆಂಟು ಕಬ್ಬಿಣದ ಅಂಗಡಿ ಇದೆ. ಮಗಳು ಮಾಗಡಿ ರಸ್ತೆಯ ಒಂದು ಖಾಸಗಿ ಶಾಲೆಯಲ್ಲಿ ಓದುತ್ತಾಳೆ. ಬಾಯಲ್ಲಿ ಕೇಳಿದರೆ ಉತ್ತರ ಹೇಳುವ ಹುಡುಗಿಗೆ ಬರವಣಿಗೆಯ ಪರೀಕ್ಷೆಯಲ್ಲಿ ಒಂದಂಕಿಯ ಮಾರ್ಕು. ಹತ್ತನೇ ತರಗತಿಯ ಫಲಿತಾಂಶ ನೂರಕ್ಕೆ ನೂರು ಎಂದು ಗೇಟಿಗೆ ಬ್ಯಾನರ್ ಕಟ್ಟುವ ಆ ಶಾಲೆ, ನಪಾಸಾಗುವ ಮಕ್ಕಳನ್ನು ಒಂಬತ್ತರಲ್ಲೇ ಸಾಗಹಾಕುತ್ತದೆ. ಮುಖ್ಯೋಪಾಧ್ಯಾಯಿನಿ ಅರುಣ ಅವರಿಗೆ ಎರಡು ದಾರಿ ತೋರಿಸಿದ್ದರು. ಕಲಿಕೆಯ ನ್ಯೂನತೆ ಇದೆ ಎಂದು ಸರ್ಕಾರಿ ಆಸ್ಪತ್ರೆಯಿಂದ ಸರ್ಟಿಫಿಕೇಟ್ ತಂದರೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚು ಸಮಯ ಸಿಗುತ್ತದೆ, ಪ್ರಶ್ನೆ ಓದಿ ಹೇಳಿ ಉತ್ತರ ಬರೆದುಕೊಳ್ಳುವವರ ನೆರವೂ ಸಿಗುತ್ತದೆ. ಇಲ್ಲವಾದರೆ ಮಾರ್ಚಿನೊಳಗೆ ಟಿಸಿ ತೆಗೆದುಕೊಂಡು ಹೋಗಬೇಕು.

ಅರುಣ ಶಾಲೆಯ ತಾಯಂದಿರ ವಾಟ್ಸಾಪ್ ಗುಂಪಿನಲ್ಲಿ ವಿಚಾರಿಸಿದರು. ಆಸ್ಪತ್ರೆಯಲ್ಲಿ ಟೆಸ್ಟು ಮಾಡುತ್ತಾರೆ ಎಂದು ಒಬ್ಬರು ಬರೆದರು. ಆ ಟೆಸ್ಟಿಗೆ ವಿಜಯನಗರದಲ್ಲಿ ಕೋಚಿಂಗ್ ಇದೆ ಎಂದು ಇನ್ನೊಬ್ಬರು ಬರೆದರು. ಮಗಳನ್ನು ಸೇರಿಸಿದರು. ಇದರಲ್ಲಿ ತಪ್ಪೇನಿದೆ ಎಂದು ಅವರಿಗೆ ಆಗಲೂ ಹೊಳೆಯಲಿಲ್ಲ.

“ಟೆಸ್ಟ್ ಅಂದ್ಮೇಲೆ ಪ್ರಿಪೇರ್ ಆಗಿ ಹೋಗ್ಬೇಕಲ್ವಾ ಮೇಡಂ? ಬರೀ ಕೈಲಿ ಕಳ್ಸಕ್ಕಾಗುತ್ತಾ? ಎಲ್ಲಾ ಟೆಸ್ಟ್‌ನಲ್ಲೂ ಫೇಲ್ ಆಗ್ಬಿಟ್ಟಿದಾಳೆ, ಇದೊಂದಾದ್ರೂ ಪಾಸಾಗ್ಲಿ ಅಂತ.”

“ತಾವು ಏನು ಮಾಡಿದೀರಿ ಅಂತ ತಮಗೆ ಗೊತ್ತಾ?” ಎಂದರು ವರಲಕ್ಷ್ಮಿ.

ಗೊತ್ತಿರಲಿಲ್ಲ. ವರಲಕ್ಷ್ಮಿ ಬಿಡಿಸಿ ಹೇಳಿದರು. ಅಂಕಿಗಳನ್ನು ಬಂದ ಹಾಗೆ ಬರೆದರೆ, ಈ ಹುಡುಗಿ ತನ್ನ ವಯಸ್ಸಿಗಿಂತ ಚುರುಕು, ಓದುವುದರಲ್ಲಿ ಯಾವ ತೊಂದರೆಯೂ ಇಲ್ಲ ಎಂದಾಗುತ್ತದೆ. ತೊಂದರೆ ಇಲ್ಲದಿದ್ದರೆ ಸರ್ಟಿಫಿಕೇಟ್ ಇಲ್ಲ. ಸರ್ಟಿಫಿಕೇಟ್ ಇಲ್ಲದಿದ್ದರೆ ಮಾರ್ಚಿನಲ್ಲಿ ಟಿಸಿ. ಅರುಣ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮತ್ತೆ ಸುತ್ತಿದರು. ಚೆನ್ನಾಗಿ ಮಾಡಿದ್ದೇ ತಪ್ಪಾಯ್ತಾ ಎಂದು ಕೇಳಿದರು.

ಆ ಸಂಜೆ ಮನೆಯಿರುವ ಕೆಂಗೇರಿ ಉಪನಗರಕ್ಕೆ ಹೋಗಬೇಕಿದ್ದ ವರಲಕ್ಷ್ಮಿ ವಿಜಯನಗರಕ್ಕೆ ಹೋದರು. ಮೊಬೈಲ್ ಅಂಗಡಿಯ ಮೇಲಿನ ಮಹಡಿ. ಬೋರ್ಡಿನಲ್ಲಿ ಮಿದುಳಿನ ಚಿತ್ರ, ಮಿದುಳಿನೊಳಗೆ ಉರಿಯುವ ಬಲ್ಬು. ಒಳಗೆ ಸಾಲಾಗಿ ಕೂತ ಮಕ್ಕಳ ಮುಂದೆ ಜೆರಾಕ್ಸ್ ಮಾಡಿ ಲ್ಯಾಮಿನೇಟ್ ಹೊಡೆಸಿದ ಕಾರ್ಡುಗಳು. ಕೆಲವರು ಶಾಲೆಯ ಸೀಟಿಗಾಗಿ ಜಾಣರಾಗಲು ಬಂದವರು, ಕೆಲವರು ಸ್ಪಂದನಳಂಥವರು. ಎಲ್ಲರಿಗೂ ಒಂದೇ ಕಾರ್ಡು. ನಾಗೇಂದ್ರ ಎಂಬ ಮೂವತ್ತೈದರ ಆಸುಪಾಸಿನ ಮನುಷ್ಯ ಎದ್ದು ಬಂದು, ಕುರ್ಚಿ ಒರೆಸಿ ಕೊಟ್ಟು, ಯಾವ ಮಗುವಿನ ತಾಯಿ ಎಂದು ಕೇಳಿದರು. ವರಲಕ್ಷ್ಮಿ ತಾವು ಯಾರೆಂದು ಹೇಳಿದರು. ನಾಗೇಂದ್ರ ಅವರ ಮುಖದಲ್ಲಿ ಅಳುಕೇನೂ ಕಾಣಲಿಲ್ಲ.

“ನಿಮ್ಮಲ್ಲಿ ಡೇಟ್ ಸಿಗೋ ಹೊತ್ತಿಗೆ ಮಗು ಮುಂದಿನ ಕ್ಲಾಸಿಗೆ ಹೋಗಿರುತ್ತೆ ಮೇಡಂ. ನಾನು ಬಂದ ದಿನಾನೇ ಕೂರಿಸ್ಕೋತೀನಿ.”

“ಕೂರಿಸ್ಕೊಂಡು ಏನು ಮಾಡ್ತೀರಿ ತಾವು?”

“ಕಾನ್ಫಿಡೆನ್ಸ್ ಕೊಡ್ತೀನಿ.”

“ಕಣ್ಣಿನ ಆಸ್ಪತ್ರೆ ಗೋಡೆ ಮೇಲಿರೋ ಅಕ್ಷರಾನ ಬಾಯಿಪಾಠ ಮಾಡ್ಸಿ ಕಳ್ಸಿದ್ರೆ ಕಣ್ಣು ಬಂದ್ಬಿಡುತ್ತಾ ನಾಗೇಂದ್ರ ಅವರೇ?”

ನಾಗೇಂದ್ರ ನಕ್ಕರು. ಹೋಲಿಕೆ ಚೆನ್ನಾಗಿದೆ ಎಂದು ಒಪ್ಪಿದರು. ಆಮೇಲೆ ನಗು ಬಿಟ್ಟು ಹೇಳಿದರು: “ಕನ್ನಡಕ ಕೊಡೋರು ನೀವು ಎಷ್ಟು ಜನ ಇದೀರಿ ಮೇಡಂ ಈ ಊರಿಗೆ? ನಾನೂ ಎಂ.ಎ. ಸೈಕಾಲಜಿನೇ. ಮೂರು ಸಲ ಎಂಟ್ರೆನ್ಸ್ ಬರ್ದೆ. ಸೀಟು ಎಷ್ಟಿರ್ತವೆ ಅಂತ ನಿಮಗೂ ಗೊತ್ತು. ನಿಮಗೆ ಸಿಕ್ತು, ನಂಗೆ ಸಿಗ್ಲಿಲ್ಲ. ಅಷ್ಟಕ್ಕೆ ನೀವು ಸಾಚಾ, ನಾನು ಕಳ್ಳ.”

“ಸೀಟು ಸಿಗದೇ ಇದ್ದಿದ್ದಕ್ಕೆ ಕಳ್ಳ ಅಂತಿಲ್ಲ,” ಎಂದು ವರಲಕ್ಷ್ಮಿ ಅವರು ಮೇಜಿನ ಮೇಲಿನ ಕಾರ್ಡುಗಳನ್ನು ತೋರಿಸಿದರು. ಕನ್ನಡಕ ಕೊಡುವವರು ಎಷ್ಟು ಜನ ಎಂಬ ಪ್ರಶ್ನೆಯನ್ನು ಮುಟ್ಟದೆ ಎದ್ದರು. ಮೆಟ್ಟಿಲಿಳಿಯುವಾಗ ಅವರಿಗೆ ಹೆಚ್ಚು ಉರಿದದ್ದು ಅದೇ. ಆ ಮನುಷ್ಯ ಹೇಳಿದ್ದರಲ್ಲಿ ಅರ್ಧ ನಿಜವಿತ್ತು.

ದೂರು ಕೊಡಲು ನೋಡಿದರು. ನಾಗೇಂದ್ರ ವರದಿ ಬರೆಯುವುದಿಲ್ಲ, ಸಹಿ ಹಾಕುವುದಿಲ್ಲ, ಸೈಕಾಲಜಿಸ್ಟ್ ಎಂದು ಬೋರ್ಡಿನಲ್ಲಿ ಹೇಳಿಕೊಂಡಿಲ್ಲ. ತರಬೇತುದಾರ ಎಂದಷ್ಟೇ ಇದೆ. ನೋಂದಣಿ ಇಲ್ಲದವನ ನೋಂದಣಿ ರದ್ದು ಮಾಡುವುದು ಹೇಗೆ ಎಂದು ಪರಿಷತ್ತಿನ ಒಬ್ಬ ಅಧಿಕಾರಿ ಫೋನಿನಲ್ಲಿ ಕೇಳಿದರು. ಠಾಣೆಯಲ್ಲಿ ದೂರು ಕೇಳಿಸಿಕೊಂಡ ಪೊಲೀಸರು, ಕ್ವೆಶ್ಚನ್ ಪೇಪರ್ ಲೀಕ್ ಆಗಿದೆಯಾ, ಯಾವ ಬೋರ್ಡಿನದು ಎಂದು ವಿಚಾರಿಸಿದರು. ವರಲಕ್ಷ್ಮಿ ವಂದನೆ ಹೇಳಿ ಬಂದರು.

ಮುಂದಿನ ವಾರ ಅರುಣ ಗಂಡನನ್ನೂ ಕರೆದುಕೊಂಡು ಬಂದರು. ಭೈರೇಶ್ ಕೂರಲಿಲ್ಲ. ಅಂಗಡಿ ಬಿಟ್ಟು ಬಂದಿದ್ದೇನೆ, ಬೇಗ ಮುಗಿಸಿ ಎಂದರು. ಮಗಳು ಮನೆಯಲ್ಲಿ ಪಟಪಟನೆ ಓದುತ್ತಾಳೆ, ತಾನೇ ಕೇಳಿದ್ದೇನೆ, ಶಾಲೆಯಲ್ಲಿ ಮಾತ್ರ ನಾಟಕ, ಅದು ಕಾಯಿಲೆಯಲ್ಲ, ಕೊಬ್ಬು ಎಂದರು. ಟಿಸಿ ಕೊಟ್ಟರೆ ಕೊಡಲಿ. ಮನೆಯಲ್ಲಿರುತ್ತಾಳೆ, ಹದಿನೆಂಟು ತುಂಬಿದ ಮೇಲೆ ಹುಡುಗನನ್ನು ನೋಡಿದರಾಯಿತು. ಮಗಳಿಗೆ ನ್ಯೂನತೆ ಇದೆ ಎಂದು ಸರ್ಕಾರದ ಮುದ್ರೆ ಬಿದ್ದರೆ ನಾಳೆ ಹುಡುಗನನ್ನು ಹುಡುಕುವುದು ಹೇಗೆ? ಸ್ಪಂದನ ನೆಲ ನೋಡುತ್ತ ನಿಂತಿದ್ದಳು.

ವರಲಕ್ಷ್ಮಿ ಅವರಿಗೆ ಸಿಟ್ಟು ಏರಿತು. ಡ್ರಾಯರ್ ಎಳೆದು ಒಂದು ಹಾಳೆ ತೆಗೆದು ಹುಡುಗಿಯ ಕೈಗೆ ಕೊಟ್ಟರು. ಅದರದೇ ಇನ್ನೊಂದು ಪ್ರತಿಯನ್ನು ಭೈರೇಶ್ ಅವರ ಕೈಗೆ ಕೊಟ್ಟು, ಮಗಳು ಓದುವ ಕಡೆ ಬೆರಳಿಟ್ಟುಕೊಂಡು ಹೋಗಿ ಎಂದರು. ಹಾಳೆಯ ಆಕಾರ ತೋಟದ ಕತೆಯ ಹಾಳೆಯದೇ, ಅಕ್ಷರದ ಗಾತ್ರವೂ ಅದೇ. ಆದರೆ ಅದರಲ್ಲಿದ್ದದ್ದು ಸಮುದ್ರದ ನೀರಿನಿಂದ ಉಪ್ಪು ಮಾಡುವ ವಿಷಯ.

ಸ್ಪಂದನ ಹಾಳೆಯ ಮೇಲೆ ಕಣ್ಣು ನೆಟ್ಟು ಶುರುಮಾಡಿದಳು. ರಜೆ ಬಂತು. ಹುಡುಗ ಅಜ್ಜನ ತೋಟಕ್ಕೆ ಹೋದ. ತೋಟದಲ್ಲಿ ಮಾವಿನ ಮರಗಳಿದ್ದವು. ದನಿ ಸ್ಪಷ್ಟವಾಗಿತ್ತು, ಸಾಲಿನಿಂದ ಸಾಲಿಗೆ ಕಣ್ಣೂ ಸರಿಯುತ್ತಿತ್ತು. ಭೈರೇಶ್ ಅವರ ಬೆರಳು ಮೊದಲ ಸಾಲಿನ ಮೇಲೇ ನಿಂತಿತು. ಅವರು ಹಾಳೆಯನ್ನು ಹತ್ತಿರಕ್ಕೆ ತಂದರು, ದೂರ ಹಿಡಿದರು.

“ಇದ್ರಲ್ಲಿ ಹಂಗಿಲ್ವಲ್ಲಮ್ಮಾ,” ಎಂದರು. ಬಂದಾಗಿನಿಂದ ಅವರು ಮೆತ್ತಗೆ ಆಡಿದ ಮೊದಲ ಮಾತು ಅದು.

ಹುಡುಗಿ ನಿಲ್ಲಿಸಿದಳು. ಅಪ್ಪನ ಹಾಳೆ ನೋಡಿದಳು, ತನ್ನದು ನೋಡಿದಳು. ಎರಡರಲ್ಲೂ ಅವಳಿಗೆ ಕಂಡದ್ದು ಒಂದೇ. ತಾನು ಹೇಳಿದ್ದಕ್ಕೂ ಹಾಳೆಯಲ್ಲಿರುವುದಕ್ಕೂ ವ್ಯತ್ಯಾಸ ಎಲ್ಲಿದೆ ಎಂದು ತಿಳಿಯದೆ ಅವಳು ವರಲಕ್ಷ್ಮಿ ಅವರ ಕಡೆ ತಿರುಗಿದಳು.

“ಬೇರೆದು ಕೊಟ್ಟಿದೀರಾ ಮಿಸ್?”

“ಹೂಂ.”

“ಹೇಳ್ಬಹುದಿತ್ತಲ್ಲ.” ಅವಳು ಹಾಳೆಯನ್ನು ಮೇಜಿನ ಮೇಲೆ ಇಟ್ಟಳು. “ಅಪ್ಪನ್ ಮುಂದೆ ಬೇಕಂತ ಮಾಡಿದ್ರಿ.”

ಅವಳು ಅಳಲಿಲ್ಲ. ಬಾಗಿಲು ತೆಗೆದು ಹೊರಗೆ ಹೋಗಿ ಲಸಿಕೆ ಕೋಣೆಯ ಮುಂದಿನ ಬೆಂಚಿನಲ್ಲಿ ಗೋಡೆಗೆ ಮುಖ ಮಾಡಿ ಕುಳಿತಳು. ಭೈರೇಶ್ ಕೊನೆಗೂ ಕುರ್ಚಿ ಎಳೆದುಕೊಂಡು ಕೂತರು. ಹಾಗಾದರೆ ಇಷ್ಟು ವರ್ಷ ಇವಳು ಒಂದಕ್ಷರವನ್ನೂ ಓದಿಲ್ಲವೇ ಎಂದು ಹೆಂಡತಿಯನ್ನು ಕೇಳಿದರು. ಅರುಣ, ಪಾಠವನ್ನು ದಿನವೂ ತಾನೇ ಗಟ್ಟಿಯಾಗಿ ಓದಿ ಹೇಳುತ್ತಿದ್ದೆ, ಎರಡು ಸಲ ಕೇಳಿದರೆ ಅವಳಿಗೆ ಬಂದುಬಿಡುತ್ತಿತ್ತು, ಓದಲು ಬರುತ್ತದೆ ಎಂದೇ ಅಂದುಕೊಂಡಿದ್ದೆ ಎಂದರು.

ವರಲಕ್ಷ್ಮಿ ತಾವು ಮಾಡಿದ್ದೇನೆಂದು ಅರಿಯದವರಲ್ಲ. ಮಗುವಿಗೆ ಹೇಳದೆ, ಅವಳ ಒಪ್ಪಿಗೆ ಕೇಳದೆ, ಅಪ್ಪನೆದುರು ಬಲೆ ಒಡ್ಡಿದ್ದರು. ತರಬೇತಿಯಲ್ಲಿ ಶಿಷ್ಯೆಯೊಬ್ಬಳು ಹೀಗೆ ಮಾಡಿದ್ದರೆ ಮರಿಯಪ್ಪ ಮೇಷ್ಟ್ರು ಅವಳನ್ನು ಕೋಣೆಯಿಂದ ಎಬ್ಬಿಸುತ್ತಿದ್ದರು. ಅವರು ಹೊರಗೆ ಹೋಗಿ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತು ತಪ್ಪಾಯಿತು ಎಂದರು. ಸ್ಪಂದನ ತಿರುಗಲಿಲ್ಲ. ಇನ್ನೊಂದು ಸಲ ಬರಬೇಕಾಗುತ್ತದೆ, ಆಗ ಏನು ಮಾಡುತ್ತೇನೆ ಎಂದು ಮೊದಲೇ ಎಲ್ಲಾ ಹೇಳುತ್ತೇನೆ ಎಂದರು. ಬರುವುದಿಲ್ಲ ಎಂದಳು. ಆದರೂ ಬಂದಳು. ಕರೆತಂದದ್ದು ಭೈರೇಶ್.

ಆ ಹೊತ್ತಿಗೆ ವರಲಕ್ಷ್ಮಿ ತಾವು ಕಲಿತ ಆಸ್ಪತ್ರೆಗೆ ಹೋಗಿ, ಕಪಾಟಿನಲ್ಲಿ ಧೂಳು ಹಿಡಿದಿದ್ದ, ಈಚೆಗೆ ಯಾರೂ ಬಳಸದ ಒಂದು ಬುದ್ಧಿ ಪರೀಕ್ಷೆಯ ಪೆಟ್ಟಿಗೆಯನ್ನು ಕೇಳಿ ತಂದಿದ್ದರು. ಅದರ ಜೆರಾಕ್ಸ್ ವಿಜಯನಗರಕ್ಕೆ ಇನ್ನೂ ತಲುಪಿರಲಿಲ್ಲ. ಒಂದನೇ ತರಗತಿಯಿಂದ ಇಲ್ಲಿಯವರೆಗಿನ ಹುಡುಗಿಯ ನೋಟ್‌ಬುಕ್ಕುಗಳನ್ನು ಅರುಣ ಅಟ್ಟದಿಂದ ಇಳಿಸಿ ಚೀಲದಲ್ಲಿ ತಂದರು. ಈ ಸಲ ಪ್ರತಿಯೊಂದು ಹೆಜ್ಜೆಯನ್ನೂ ವರಲಕ್ಷ್ಮಿ ಮೊದಲು ಸ್ಪಂದನಳಿಗೆ ವಿವರಿಸಿದರು. ಅವಳು ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟಳು, ಮುಖ ಎತ್ತಲಿಲ್ಲ. ಹೊಸ ಹಾಳೆಯ ಮುಂದೆ ಅವಳ ಓದು ಎರಡನೇ ತರಗತಿಯ ಮಗುವಿನ ಹಾಗೆ ಅಕ್ಷರ ಅಕ್ಷರಕ್ಕೂ ಎಡವಿತು. ಯೋಚಿಸುವ ಶಕ್ತಿ ಅವಳ ವಯಸ್ಸಿನ ಎಲ್ಲರಷ್ಟೇ ಇತ್ತು. ಕಿವಿಯಿಂದ ಕೇಳಿದ್ದನ್ನು ನೆನಪಿಡುವುದರಲ್ಲಿ ಮಾತ್ರ ಅವಳು ವರಲಕ್ಷ್ಮಿ ಅವರ ಅಷ್ಟು ವರ್ಷದ ಕೆಲಸದಲ್ಲಿ ಕಂಡ ಮಕ್ಕಳಲ್ಲೆಲ್ಲ ಮುಂದಿದ್ದಳು. ಆ ನೆನಪಿನ ಬಲದಿಂದಲೇ ಅವಳು ಒಂಬತ್ತನೇ ತರಗತಿಯವರೆಗೆ ಬಂದಿದ್ದಳು, ಅದೇ ಕಾರಣಕ್ಕೆ ಅವಳ ಕಷ್ಟ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಸರ್ಟಿಫಿಕೇಟ್ ಕೊಡಬೇಕೇ ಎಂದು ತೀರ್ಮಾನಿಸುವ ಆಸ್ಪತ್ರೆಯ ಸಮಿತಿಯಲ್ಲಿ ಒಬ್ಬ ವೈದ್ಯರು ತಕರಾರು ತೆಗೆದರು. ಎಲ್ಲರೂ ಬಳಸುವ ಪರೀಕ್ಷೆ ಬಿಟ್ಟು ಇದನ್ನು ಯಾಕೆ ಮಾಡಿದಿರಿ, ಫೈಲಿಗೆ ಮಾಮೂಲಿ ಅಂಕಿ ಹಾಕಿ ಎಂದರು. ವರಲಕ್ಷ್ಮಿ, ಆ ಮಾಮೂಲಿ ಅಂಕಿ ಮಗುವಿನದಲ್ಲ, ಟ್ಯೂಷನ್ ಮೇಷ್ಟ್ರದು, ತಾವು ಬಯಸಿದರೆ ಅವರಿಗೇ ಸರ್ಟಿಫಿಕೇಟ್ ಕೊಡೋಣ ಎಂದರು. ವೈದ್ಯರು ಸಹಿ ಹಾಕಿದರು. ಶಾಲೆ ಸರ್ಟಿಫಿಕೇಟಿನ ಪ್ರತಿ ಇಟ್ಟುಕೊಂಡು ಟಿಸಿಯ ಮಾತು ಬಿಟ್ಟಿತು. ಆದರೆ ನೂರಕ್ಕೆ ನೂರರ ಬ್ಯಾನರನ್ನು ಗೇಟಿನಿಂದ ಇಳಿಸಲಿಲ್ಲ. ನಾಗೇಂದ್ರ ಅವರ ಮಹಡಿಯಲ್ಲಿ ಈಗ ಬೆಳಗಿನ ಬ್ಯಾಚೂ ಇದೆ. ವರಲಕ್ಷ್ಮಿ ಇನ್ನೂ ಪತ್ರ ಬರೆಯುತ್ತಲೇ ಇದ್ದಾರೆ. ಉತ್ತರ ಬಂದಿಲ್ಲ.

ಪೂರ್ತಿ ವರದಿ ತೆಗೆದುಕೊಳ್ಳಲು ಸ್ಪಂದನ ಅಮ್ಮನೊಂದಿಗೆ ಬಂದ ದಿನ, ಅವಳು ಮೊದಲ ಸಲ ತಾನಾಗಿ ಮಾತಾಡಿದಳು.

“ಇದ್ರಲ್ಲಿ ನಂಗೆ ಏನೂ ಬರಲ್ಲ ಅಂತ ಬರ್ದಿದೀರಾ?”

“ಓದೋದು ಕಷ್ಟ ಅಂತ ಬರ್ದಿದೀನಿ. ಕೇಳಿದ್ದು ಮರೆಯಲ್ಲ ಅಂತಾನೂ ಬರ್ದಿದೀನಿ.”

“ಓದಿ. ಪೂರ್ತಿ.”

ಅರುಣ ಮಗಳ ತೋಳು ಚಿವುಟಿದರು. ವರಲಕ್ಷ್ಮಿ ಬಾಗಿಲು ಹಾಕಿ ಬಂದು ಕೂತು, ಇಂಗ್ಲಿಷಿನಲ್ಲಿದ್ದ ವರದಿಯನ್ನು ಸಾಲು ಸಾಲಾಗಿ ಕನ್ನಡದಲ್ಲಿ ಹೇಳುತ್ತ ಹೋದರು. ಪಕ್ಕದ ಕೋಣೆಯಲ್ಲಿ ಕೂಸೊಂದು ಅಳುತ್ತಿತ್ತು. ಹುಡುಗಿ ಕಣ್ಣು ಮುಚ್ಚಿಕೊಂಡು ಕೇಳಿದಳು. ಮುಗಿದ ಮೇಲೆ ಕಣ್ಣು ತೆರೆದಳು.

“ಎರಡನೇ ಪೇಜಲ್ಲಿ ಒಂದು ಸುಳ್ಳಿದೆ ಮಿಸ್. ‘ಪರೀಕ್ಷೆಯ ಉದ್ದಕ್ಕೂ ಸಂತೋಷದಿಂದ ಸಹಕರಿಸಿದಳು’ ಅಂತ. ನಾನು ಸಂತೋಷವಾಗಿರ್ಲಿಲ್ಲ. ನಂಗೆ ನಿಮ್ಮೇಲೆ ಸಿಟ್ಟಿತ್ತು.”

ಅದು ಎಲ್ಲಾ ವರದಿಗಳಲ್ಲೂ ಹಾಕುವ ಸಾಲು. ಎಷ್ಟೋ ವರ್ಷಗಳಿಂದ ಹಳೇ ವರದಿಯಿಂದ ಹೊಸದಕ್ಕೆ ಹಾಗೇ ದಾಟಿಕೊಂಡು ಬರುತ್ತಿತ್ತು. ವರಲಕ್ಷ್ಮಿ ಕಂಪ್ಯೂಟರ್ ತೆರೆದು ಆ ಸಾಲು ಅಳಿಸಿದರು.

“ಏನು ಹಾಕ್ಲಿ?”

“ಸಿಟ್ಟಾಗಿದ್ಲು ಅಂತ.”

ವರಲಕ್ಷ್ಮಿ ಹಾಗೇ ಬರೆದರು. ಅದರ ಮುಂದೆ, ಆ ಸಿಟ್ಟಿಗೆ ಕಾರಣವಿತ್ತು ಎಂದೂ ಸೇರಿಸಿದರು. ಅದನ್ನು ಓದಿ ಹೇಳಿದರು. ಸ್ಪಂದನ ಇನ್ನೊಂದು ಸಲ ಹೇಳಿಸಿಕೊಂಡು, ಸರಿ, ಪ್ರಿಂಟ್ ಕೊಡಿ ಎಂದಳು.